ಖಾಲಿ ಪೆಟ್ಟಿಗೆಗಳ ಗೋಡೆ

ಟಕ್ ಎಂದು ಚಿಲಕ ಬಿತ್ತು. ಅದರ ಬೆನ್ನಿಗೇ ಇನ್ನೊಂದು.

ಅಕ್ಕ ಉಸಿರು ಬಿಗಿ ಹಿಡಿದಳು. ಪೆಟ್ಟಿಗೆಯೊಳಗೆ ಒಬ್ಬ ಹೆಂಗಸು ಮಂಡಿ ಮಡಚಿ ಮುದುಡಿಕೊಂಡು ಕೂತಿದ್ದಾಳೆಂದು ಚಿಲಕ ಹಾಕಿದವನಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಅವನದು ಬರೀ ಕೈರೂಢಿ. ಹಿಂಬದಿಯ ಹಲಗೆ ಸಡಿಲವಾಗಿ ಕಂಡರೆ ಒತ್ತುವುದು, ಚಿಲಕ ಜಡಿಯುವುದು, ಮುಂದಿನದಕ್ಕೆ ಹೋಗುವುದು.

“ಯಾವನೋ ಇದನ್ನ ತೆರೆದು ಬಿಟ್ಟಿದ್ದು?” ಹೊರಗೆ ದಪ್ಪ ದನಿಯೊಂದು ಗೊಣಗಿತು.

“ನಿಮ್ಮಜ್ಜ. ಹಾಕಿ ಬಾರೋ ಗುಂಡು, ಲಾರಿಯವನು ಆಗಲೇ ಹಾರ್ನ್ ಹೊಡೆದು ಹೊಡೆದು ನನ್ನ ಪ್ರಾಣ ತಿಂತಿದ್ದಾನೆ.”

“ನಿನ್ನ ಪ್ರಾಣ ತಿಂದ್ರೆ ಅವನಿಗೆ ಅರೆಹೊಟ್ಟೆ ಕಣೋ ಕಂಬ. ಮೂಳೆ ಬಿಟ್ರೆ ನಿನ್ನಲ್ಲೇನಿದೆ?”

ಹಮಾಲಿಗಳಿಬ್ಬರ ನಗು ಮತ್ತು ಬೂಟಿನ ಸದ್ದು ದೂರವಾದವು. ಅಕ್ಕ ಹಲಗೆಯನ್ನು ಅಂಗೈಯಿಂದ ಮೆಲ್ಲಗೆ ತಳ್ಳಿ ನೋಡಿದಳು. ಅಲುಗಲಿಲ್ಲ. ಭುಜ ಕೊಟ್ಟು ನೂಕಿದಳು. ಕಿರ್ ಎಂದಿತು, ಅಷ್ಟೇ. ಚಿಲಕಗಳಿದ್ದುದು ಹೊರಗೆ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಒಳಗಿನಿಂದ ತೆಗೆಯಬೇಕಾದೀತು ಎಂದು ಯಾವ ಬಡಗಿ ತಾನೇ ಯೋಚಿಸುತ್ತಾನೆ?

ಓಡಿಹೋದ ಪಾಲುದಾರರು, ಸುಳ್ಳು ಹೇಳುವ ಗಂಡಂದಿರು, ಕಾಣೆಯಾದ ಕಾರುಗಳು, ಇವುಗಳ ಬೆನ್ನು ಹತ್ತಿ ಸಂಸಾರ ತೂಗಿಸುವ ಪತ್ತೇದಾರಿ ಅವಳು. ಪೊಲೀಸರಿಂದ ಹಿಡಿದು ಪಕ್ಕದ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅವಳು ‘ಅಕ್ಕ’. ಹಾಗೆ ಕರೆಯುವ ಹಕ್ಕನ್ನು ಹುಟ್ಟಿನಿಂದ ಪಡೆದವನು ಮಾತ್ರ ಒಬ್ಬನೇ. ಅವನೀಗ ಕಂಬಿಗಳ ಹಿಂದಿದ್ದ.

ದೇಶವಿಡೀ ‘ಸಿಡಿಲು’ ಎಂದು ಕರೆಯುವ ಗಿಟಾರ್ ವಾದಕ ಇದೇ ವೇದಿಕೆಯ ಮೇಲೆ, ತುಂಬಿದ ಸಭೆಯೆದುರು, ಹಾಡಿನ ನಡುವೆ ಕರೆಂಟು ಹೊಡೆದು ಉರುಳಿದ್ದ. ಇನ್ನೂ ಕಣ್ಣು ತೆರೆದಿಲ್ಲ. ಅವನ ಆಂಪ್‌ಗಳನ್ನು ಸಾಕಿದ ಮಕ್ಕಳಂತೆ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಅಕ್ಕನ ತಮ್ಮ. ‘ಅರ್ತ್ ಇಲ್ಲದ ಆಂಪನ್ನು ಬೇಕೆಂದೇ ವೇದಿಕೆಗೆ ಕಳಿಸಿದ’ ಎಂಬುದು ತಮ್ಮನ ಮೇಲಿನ ಆರೋಪ. ಸಿಡಿಲು ಕಣ್ಣು ತೆರೆಯದೇ ಹೋದರೆ ಅದೇ ಕೊಲೆಯ ಕೇಸು.

ಆರೋಪ ಸುಳ್ಳೆಂದು ತೋರಿಸುವ ವಸ್ತು ಈಗ ಅಕ್ಕನ ಕೆಳಗೇ ಇತ್ತು. ಅವಳು ಅದರ ಮೇಲೆಯೇ ಕೂತಿದ್ದಳು.

ಆದರೆ ಪೆಟ್ಟಿಗೆ ಇನ್ನೇನು ಲಾರಿ ಹತ್ತಲಿತ್ತು. ಲಾರಿ ಬಂದರಿಗೆ ಹೊರಟಿತ್ತು. ಸಂಜೆಯ ಹಡಗಿನಲ್ಲಿ ಈ ಸಾಮಾನೆಲ್ಲ ಸಮುದ್ರದಾಚೆಯ ಊರುಗಳಿಗೆ ಹೋಗುವುದಿತ್ತು. ಸಿಡಿಲು ಮಲಗಿದರೇನು, ಟಿಕೆಟ್ಟು ಮಾರಿಯಾಗಿತ್ತು. ಅವನ ಜಾಗದಲ್ಲಿ ‘ಮರಿಸಿಡಿಲು’ ಎನಿಸಿಕೊಂಡ ಎರಡನೇ ಗಿಟಾರಿನವನು ನಿಲ್ಲುತ್ತಾನಂತೆ.

ಮುಖದ ಎದುರಿಗೆ ಸ್ಪೀಕರಿನ ಬಟ್ಟೆ ಬಿಗಿಯಾಗಿತ್ತು. ಹೊರಗಿನಿಂದ ನೋಡಿದರೆ ಕಪ್ಪು ಪರದೆ. ಒಳಗಿನಿಂದ ಸೊಳ್ಳೆಪರದೆಯ ಹಾಗೆ ಎಲ್ಲ ಕಾಣುತ್ತಿತ್ತು. ನೆಲಕ್ಕೆ ಅಂಟಿಸಿದ ಬಿಳಿ ಟೇಪು. ಸುರುಳಿ ಸುತ್ತಿಟ್ಟ ವೈರುಗಳು. ಅದರಾಚೆ ಸಾಲುಸಾಲು ಖಾಲಿ ಕುರ್ಚಿ. ವೇದಿಕೆಯ ಅಂಚಿನಲ್ಲಿ, ನೆಲ ಒರೆಸುವವಳ ವೇಷದಲ್ಲಿ ಅವಳೇ ತಂದಿಟ್ಟಿದ್ದ ಬಕೆಟ್ಟು.

ಬಕೆಟ್ಟಿನೊಳಗೆ, ಒರೆಸುವ ಬಟ್ಟೆಯ ಕೆಳಗೆ, ಅವಳ ಫೋನು.

‘ಶಹಭಾಸ್ ಪತ್ತೇದಾರಿ’ ಎಂದು ಅಕ್ಕ ತನ್ನನ್ನೇ ಶಪಿಸಿಕೊಂಡಳು. ಹೆಜ್ಜೆ ಸದ್ದು ಕೇಳಿ ಗಾಬರಿಯಲ್ಲಿ ಒಳಗೆ ನುಗ್ಗಿ ಹಲಗೆ ಎಳೆದುಕೊಳ್ಳುವಾಗ ತಲೆಯೊಂದನ್ನು ಬಿಟ್ಟು ಉಳಿದ ಅಂಗಗಳೆಲ್ಲ ಚುರುಕಾಗಿ ಕೆಲಸ ಮಾಡಿದ್ದವು.

ಸಿಡಿಲಿನ ಹಿಂದೆ ವೇದಿಕೆಯಲ್ಲಿ ನಿಲ್ಲುವ ಆಂಪ್‌ಗಳ ಗೋಡೆಯ ಫೋಟೋ ಇಲ್ಲದ ಹುಡುಗರ ಕೋಣೆ ಇಲ್ಲ. ಆಳೆತ್ತರಕ್ಕೆ ಕರಿಪೆಟ್ಟಿಗೆಗಳು, ಒಂದರ ಮೇಲೊಂದು. ಆ ಗೋಡೆಯಿಂದಲೇ ಗುಡುಗು ಹೊರಡುತ್ತದೆಂದು ಜನ ನಂಬಿದ್ದರು. ಅಸಲಿ ಸಂಗತಿ ಗೊತ್ತಿದ್ದುದು ತಂಡದವರಿಗೆ ಮಾತ್ರ: ಗೋಡೆಯಷ್ಟೂ ಟೊಳ್ಳು. ಎರಡು ಪೆಟ್ಟಿಗೆಯಂತೆ ಕಾಣುವುದು ಒಂದೇ ಉದ್ದನೆಯ ಬೀರು, ಮುಂದೆ ಬಟ್ಟೆ, ಒಳಗೆ ಗಾಳಿ. ಹಮಾಲಿಗಳು ಒಬ್ಬೊಬ್ಬರೇ ಒಂದೊಂದನ್ನು ಎತ್ತಿ ಕುಣಿಸಿಕೊಂಡು ಹೋಗುತ್ತಿದ್ದರು.

ಗುಡುಗು ಹೊರಡುತ್ತಿದ್ದುದು ಗೋಡೆಯ ಹಿಂದೆ, ಕಂಬಳಿ ಹೊದಿಸಿ ಮರೆಯಲ್ಲಿಟ್ಟ ಒಂದು ಪುಟ್ಟ ಹಳೆಯ ಆಂಪಿನಿಂದ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಷ್ಟು ಗಾತ್ರ. ಅದರ ಬಾಯಿಗೊಂದು ಮೈಕು. ಸಭೆಗೆಲ್ಲ ಕೇಳುತ್ತಿದ್ದುದು ಅದರ ದನಿ.

ಅಂಥವು ಎರಡಿದ್ದವು. ಒಂದೇ ಬಣ್ಣ, ಒಂದೇ ಅಚ್ಚು, ಅವಳಿ ಮಕ್ಕಳು. ಒಂದು ಮನೆಯದು, ಒಂದು ವೇದಿಕೆಯದು. ಮನೆಯದರಲ್ಲಿ ಸದಾ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಸಿಡಿಲು ಒಂದು ದಿನ ರೇಗಿ ಅದರ ಪ್ಲಗ್ಗಿನ ದಪ್ಪ ಪಿನ್ನನ್ನೇ, ಅರ್ತಿನ ಪಿನ್ನನ್ನು, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ ಬಿಸಾಕಿದ್ದ. ಸದ್ದು ನಿಂತಿತು. ಈ ಕಸುಬಿನವರು ಅನೇಕರು ಮಾಡುವ ಪೆದ್ದುತನವೇ ಅದು. ತಮ್ಮ ಜಗಳವಾಡಿದ, ಸಿಡಿಲು ಕೇಳಲಿಲ್ಲ. ಕೊನೆಗೆ ತಮ್ಮ ಒಂದು ಕಟ್ಟಪ್ಪಣೆ ಹೊರಡಿಸಿದ: ಮನೆಯದು ಮನೆಯಲ್ಲಿ, ವೇದಿಕೆಯದು ವೇದಿಕೆಯಲ್ಲಿ. ಹೊಸ್ತಿಲು ದಾಟಕೂಡದು.

ಕಾರಣವಿತ್ತು. ಗಿಟಾರಿನ ತಂತಿಗೂ ಆಂಪಿನ ಮೈಗೂ ನಂಟು. ಆಂಪಿನೊಳಗೆ ಕರೆಂಟು ಸೋರಿದರೆ ಅರ್ತ್ ಅದನ್ನು ನೆಲಕ್ಕಿಳಿಸುತ್ತದೆ. ಅರ್ತ್ ಇಲ್ಲದಿದ್ದರೆ ಅದು ತಂತಿಯಲ್ಲೇ ಹೊಂಚು ಹಾಕಿ ಕೂತಿರುತ್ತದೆ. ಮನೆಯಲ್ಲಿ ಮರದ ನೆಲದ ಮೇಲೆ, ಎದುರಿಗೆ ಮೈಕಿಲ್ಲದೆ ನುಡಿಸುವವನಿಗೆ ಅದರ ಸುಳಿವೂ ಸಿಗುವುದಿಲ್ಲ. ವೇದಿಕೆಯಲ್ಲಿ ಅದೇ ಮನುಷ್ಯ ಹಾಡಲು ಬಗ್ಗಿ ಮೈಕಿಗೆ ತುಟಿ ಸೋಕಿಸಿದರೆ ಕತೆ ಮುಗಿಯಿತು.

ಯಾರೋ ಆ ದಿನ ಅವಳಿಗಳನ್ನು ಅದಲುಬದಲು ಮಾಡಿದ್ದರು. ಅಷ್ಟೇ ಅಪರಾಧ. ಚಾಕು ಬೇಡ, ವಿಷ ಬೇಡ.

ಪೊಲೀಸರ ವಶದಲ್ಲಿದ್ದ ಆಂಪಿನ ನೆತ್ತಿಯ ಮೇಲೆ ಬಿಸಿ ಟೀ ಕಪ್ಪು ಇಟ್ಟಿಟ್ಟು ಮೂಡಿದ ದುಂಡನೆಯ ಕಲೆಗಳನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಸದಾ ಕಂಬಳಿ ಹೊದ್ದಿರುವ ವೇದಿಕೆಯ ಆಂಪಿನ ಮೇಲೆ ಯಾರು ತಾನೇ ಕಪ್ಪು ಇಡುತ್ತಾರೆ? ಅದು ಮನೆಯದೇ. ಹಾಗಾದರೆ ವೇದಿಕೆಯದು ಎಲ್ಲಿ? ‘ಇದ್ದದ್ದೇ ಒಂದು’ ಎಂದು ತಂಡದ ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ. ಮ್ಯಾನೇಜರ್ ಅಂದರೆ ಸಿಡಿಲಿನ ಹೆಂಡತಿಯ ಸ್ವಂತ ಅಣ್ಣ. ಹೆಂಡತಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮರಿಸಿಡಿಲು ‘ನನಗೇನೂ ಗೊತ್ತಿಲ್ಲ’ ಎಂದು, ಯಾರೂ ಕೇಳುವ ಮೊದಲೇ, ಎರಡೆರಡು ಸಲ ಹೇಳಿದ್ದ.

ಅಕ್ಕ ಕತ್ತಲಲ್ಲಿ ಕೈ ಕೆಳಗಿಳಿಸಿದಳು. ಆಂಪಿಗೆ ಉಣ್ಣೆಯದೇನೋ ಸುತ್ತಿತ್ತು, ವಾಡಿಕೆಯ ಕಂಬಳಿ ಇರಬೇಕು. ಅದರೊಳಗೆ ಬೆರಳು ತೂರಿಸಿ ನೆತ್ತಿ ಸವರಿದಳು. ನುಣುಪು. ಒಂದು ಕಲೆಯ ಉಬ್ಬೂ ಇಲ್ಲ. ವೈರು ಹಿಡಿದು ಪ್ಲಗ್ಗು ತಡಕಿದಳು. ಎರಡು ಸಣ್ಣ ಪಿನ್ನು. ನಡುವೆ ಒಂದು ದಪ್ಪ ಪಿನ್ನು.

ಅರ್ತ್. ಇದೇ ವೇದಿಕೆಯ ಆಂಪು. ತಮ್ಮನ ಬಿಡುಗಡೆಯ ಪತ್ರ.

ಅಷ್ಟರಲ್ಲಿ ಬಕೆಟ್ಟು ಹಾಡತೊಡಗಿತು.

ಆ ಹಾಡನ್ನು ಫೋನಿಗೆ ಹಾಕಿಕೊಟ್ಟವಳು ಮಗಳು. ಅವಳು ಕರೆ ಮಾಡಿದಾಗ ಮಾತ್ರ ಅದು ಬರುತ್ತಿತ್ತು. ಖಾಲಿ ಸಭಾಂಗಣದಲ್ಲಿ ಆ ಪುಟ್ಟ ಹಾಡು ಗೋಡೆಯಿಂದ ಗೋಡೆಗೆ ಪುಟಿಯಿತು.

‘ನಿಲ್ಲಿಸೇ ತಾಯಿ, ಸಾಕು ನಿಲ್ಲಿಸೇ.’

ಪಕ್ಕದ ಬಾಗಿಲು ತೆರೆಯಿತು. ಹೊಳೆಯುವ ಬೂಟು, ಮಡಿಕೆ ಮುರಿಯದ ಪ್ಯಾಂಟು. ಮ್ಯಾನೇಜರ್ ಬಕೆಟ್ಟಿನ ಬಳಿ ನಿಂತ. ಎರಡು ಬೆರಳಲ್ಲಿ ಒದ್ದೆ ಬಟ್ಟೆ ಎತ್ತಿ ಪಕ್ಕಕ್ಕೆಸೆದ. ಫೋನಿನ ಮುಖ ನೋಡಿದ. ಅದರ ಮೇಲೆ ಅಕ್ಕನೂ ಮಗಳೂ ಕೆನ್ನೆಗೆ ಕೆನ್ನೆ ಹಚ್ಚಿಕೊಂಡ ಫೋಟೋ ಇತ್ತು.

ಅವನು ಕರೆ ತೆಗೆದುಕೊಂಡ.

“ಹಲೋ... ಹೌದು ಪುಟ್ಟಾ, ಅಮ್ಮನ ಫೋನೇ... ನಾನಾ? ಅಮ್ಮನಿಗೆ ಗೊತ್ತಿರೋರು... ಇಲ್ಲೇ ಇದ್ದಾರೆ. ಕೆಲಸದಲ್ಲಿದ್ದಾರೆ.” ದನಿ ಬೆಣ್ಣೆಯಂತಿತ್ತು. “ಬೀಗದ ಕೈ ಸಿಗ್ತಿಲ್ವಾ? ಅಯ್ಯೋ. ಪಕ್ಕದ ಮನೇಲಿ ಕೂತಿರು. ಸಂಜೆಯೊಳಗೆ ಬರ್ತಾರೆ. ಬರದೆ ಎಲ್ಲಿಗೆ ಹೋಗ್ತಾರೆ?”

ಬೀಗದ ಕೈ ಅಕ್ಕನ ಸೊಂಟದಲ್ಲೇ ಇತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಮಗಳದನ್ನೂ ಸೇರಿಸಿ ಎರಡನ್ನೂ ತಾನೇ ಸಿಕ್ಕಿಸಿಕೊಂಡು ಬಂದಿದ್ದಳು.

ಮ್ಯಾನೇಜರ್ ಫೋನನ್ನು ಜೇಬಿಗಿಳಿಸಿದ. “ಏಯ್, ನೀವಿಬ್ಬರೂ,” ಎಂದು ಹಿಂದಕ್ಕೆ ತಿರುಗಿ ಕೂಗಿದ, “ಹೋಗಿ ಒಂದು ಟೀ ಕುಡಿದು ಬನ್ರೋ.”

“ಲಾರಿಯವನು—”

“ಅವನಿಗೂ ಕುಡಿಸಿ.”

ಬಾಗಿಲು ಮುಚ್ಚಿತು. ಅವನು ಗೋಡೆಯ ಕಡೆ ಮುಖ ಮಾಡಿ ನಿಂತ.

“ಅಕ್ಕಾ,” ಎಂದ. “ಯಾವುದರಲ್ಲಿದ್ದೀರಿ?”



ಅವನು ತುದಿಯ ಪೆಟ್ಟಿಗೆಗೆ ಬೆರಳ ಗೆಣ್ಣಿನಿಂದ ಬಡಿದ. ಡೊಳ್. ಪಕ್ಕದ್ದಕ್ಕೆ ಬಡಿದ. ಡೊಳ್. ಅವಸರವಿಲ್ಲ. ಹಣ್ಣಿನಂಗಡಿಯಲ್ಲಿ ಕಲ್ಲಂಗಡಿ ಆರಿಸುವವನ ಹಾಗೆ ಒಂದೊಂದನ್ನೂ ಬಡಿದು, ಕಿವಿಗೊಟ್ಟು, ಮುಂದೆ ಸರಿಯುತ್ತಿದ್ದ. ಡೊಳ್. ಡೊಳ್. ಅವನ ಬೆಲ್ಟಿನ ಬಕಲ್ಲು ಅಕ್ಕನ ಮೂಗಿನೆದುರು ಬಂದು ನಿಂತಿತು.

ದಬ್.



“ಚಿಲಕ ತೆಗೀರಿ,” ಎಂದಳು ಅಕ್ಕ.

“ತೆಗೆಯೋಣ. ಏನವಸರ?” ಅವನು ಕುಕ್ಕುರುಗಾಲಲ್ಲಿ ಕೂತ. ಬಟ್ಟೆಯಾಚೆ ಮುಖ ಹತ್ತಿರವಾಯಿತು. ಅವನಿಗೆ ಅವಳು ಕಾಣುತ್ತಿರಲಿಲ್ಲ. ಅವಳಿಗೆ ಅವನ ಕಣ್ಣ ಕೆಳಗಿನ ಕಪ್ಪೂ ಕಾಣುತ್ತಿತ್ತು. ನಿದ್ದೆಗೆಟ್ಟವನ ಮುಖ ಅದು.

“ಆಂಪು ಒಂದೇ ಇತ್ತು ಅಂತ ಪೊಲೀಸರಿಗೆ ಸುಳ್ಳು ಹೇಳಿದ್ರಿ.”

“ಹೇಳ್ದೆ.”

“ಬದಲಿ ಮಾಡಿದ್ದೂ ನೀವೇ. ಬಚ್ಚಿಟ್ಟಿದ್ದೂ ನೀವೇ. ನಿಮ್ಮ ತಪ್ಪಿಗೆ ನನ್ನ ತಮ್ಮ ಒಳಗೆ ಕೂತಿದ್ದಾನೆ.”

“ಅಲ್ಲೇ ಎಡವಿದ್ರಿ ನೋಡಿ.” ಅವನು ಕೆನ್ನೆ ಉಜ್ಜಿಕೊಂಡ. “ಬಚ್ಚಿಟ್ಟಿದ್ದು ನಾನಲ್ಲ. ತಂಗಿ ಗಂಡನ್ನ ಆಸ್ಪತ್ರೆಗೆ ಸಾಗಿಸಿ ವಾಪಸ್ ಬಂದಾಗ ಈ ಪೆಟ್ಟಿಗೆಯ ಹಲಗೆ ಸರಿಯಾಗಿ ಕೂತಿರಲಿಲ್ಲ. ತೆಗೆದು ನೋಡ್ದೆ. ನೋಡಿ, ಮುಚ್ಚಿ, ಚಿಲಕ ಹಾಕ್ದೆ. ನಾನು ಮಾಡಿದ್ದು ಅಷ್ಟೇ.”

“ಯಾಕೆ? ನನ್ನ ತಮ್ಮನ ಮೇಲೆ ಅಷ್ಟು ಪ್ರೀತೀನಾ?”

“ನನ್ನ ತಂಗಿ ಮೇಲೆ.”

ಅಕ್ಕ ಬಟ್ಟೆಗೆ ಮೂಗು ತಾಗುವಷ್ಟು ಮುಂದಕ್ಕೆ ಬಾಗಿದಳು.

“ನಿಮ್ಮ ತಮ್ಮ ಇಷ್ಟು ದಿನ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ದಾನಲ್ಲ,” ಎಂದ ಮ್ಯಾನೇಜರ್, “ಯಾರ ಹೆಸರನ್ನ ನುಂಗಿಕೊಂಡಿದ್ದಾನೆ ಅಂತ ಒಂದು ದಿನವಾದ್ರೂ ಕೇಳಿದ್ರಾ? ನೀವು ಊರಿಗೆಲ್ಲ ಪತ್ತೇದಾರಿ. ಮನೆಯವನ ಮುಖ ನೋಡೋಕೆ ಪುರುಸೊತ್ತಿಲ್ಲ.”

“ಸುಳ್ಳು.”

“ಸುಳ್ಳಾದ್ರೆ ಒಳ್ಳೇದೇ. ನೀವು ಕೂತಿರೋದಕ್ಕೆ ಸುತ್ತಿದ್ದಾರಲ್ಲ, ಅದನ್ನ ಒಂದು ಸಲ ಕೈಯಾಡಿಸಿ ನೋಡಿ. ನೋಡಿದ ಮೇಲೂ ಕೂಗಬೇಕು ಅನ್ನಿಸಿದ್ರೆ ಕೂಗಿ. ಹಮಾಲಿಗಳು ಬರ್ತಾರೆ, ಚಿಲಕ ತೆಗೀತಾರೆ. ನೀವು ಹೊರಗೆ ಬರ್ತೀರಿ. ಆಂಪೂ ಬರುತ್ತೆ. ಅದೂ ಬರುತ್ತೆ.”

“ಸುಮ್ನಿದ್ರೆ?”

“ಬಂದರಿನ ಗೋಡೌನಿನಲ್ಲಿ ಪೆಟ್ಟಿಗೆ ಇಳಿಸ್ತಾರೆ. ಹಡಗಿಗೆ ಹಾಕೋ ಮುಂಚೆ ನಾನೇ ಬಂದು ತೆಗೀತೀನಿ. ನೀವು ಮಗಳ ಹತ್ತಿರ ಹೋಗಿ. ಆಂಪು ಸಮುದ್ರ ದಾಟಲಿ. ಬೇಕೆಂದೇ ಮಾಡಿದ ಅನ್ನೋಕೆ ಸಾಕ್ಷಿ ಇರಲ್ಲ, ನಿಮ್ಮ ತಮ್ಮನಿಗೆ ಅಜಾಗರೂಕತೆ ಅಂತ ಸಣ್ಣ ಶಿಕ್ಷೆ ಆಗುತ್ತೆ, ಮುಗಿದುಹೋಗುತ್ತೆ. ನಂಬೋದು ಬಿಡೋದು ನಿಮಗೆ ಸೇರಿದ್ದು.”

ಅವನು ಎದ್ದು ನಿಂತ. ಮಂಡಿ ಲಟಕ್ ಎಂದಿತು.

ಅಕ್ಕ ಕೈಯಾಡಿಸಲಿಲ್ಲ. ಇದು ಹಳೆಯ ಆಟ, ಎದುರಾಳಿಯ ಮನಸ್ಸಿನಲ್ಲಿ ಹುಳ ಬಿಡುವುದು. ಅವಳೇ ಎಷ್ಟು ಜನರ ಮೇಲೆ ಆಡಿಲ್ಲ?

ಆದರೂ ಬೆರಳುಗಳು ತಾವಾಗಿ ಕೆಳಗಿಳಿದವು.

ಕಂಬಳಿಯಲ್ಲ. ಕಂಬಳಿಗೆ ಗುಂಡಿ ಇರುವುದಿಲ್ಲ.

ಬೆರಳು ಅಂಚು ಹಿಡಿದು ನಡೆಯಿತು. ಕತ್ತಿನ ಪಟ್ಟಿ. ಭುಜ. ತೋಳು. ಸ್ವೆಟರು. ತೋಳುಗಳನ್ನು ಆಂಪಿನ ಸುತ್ತ ತಂದು ಗಂಟು ಹಾಕಲಾಗಿತ್ತು, ಎಳೆ ಕೂಸಿನ ಹೊಟ್ಟೆ ತಣ್ಣಗಾಗದಂತೆ ಬಟ್ಟೆ ಕಟ್ಟಿದ ಹಾಗೆ. ಅವಳು ಎಡತೋಳನ್ನು ಹಿಡಿದು, ಮೊಣಕೈಯಿಂದ ಕೆಳಗೆ ನಿಧಾನವಾಗಿ ಬೆರಳು ಜಾರಿಸಿದಳು. ಇರಬಾರದು ಎಂದು ಬೇಡಿಕೊಳ್ಳುತ್ತಲೇ ಜಾರಿಸಿದಳು.

ಇತ್ತು. ಕುಣಿಕೆ ತಪ್ಪಿ ಉಳಿದ ಸಣ್ಣ ತೂತು.

ಹೋದ ಚಳಿಗಾಲದಲ್ಲಿ ಒಂದು ಹೋಟೆಲಿನ ಎದುರು ಯಾರದೋ ಗಂಡನನ್ನು ಕಾಯುತ್ತ, ಕಾರಿನಲ್ಲಿ ಕೂತು ಅವಳು ಈ ತೋಳು ಹೆಣೆಯುತ್ತಿದ್ದಳು. ಆ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ. ಅವಳು ಕಡ್ಡಿ ಎಸೆದು ಕ್ಯಾಮೆರಾ ಹಿಡಿದಳು. ಕುಣಿಕೆ ಜಾರಿದ್ದು ಆಗಲೇ. ಬಿಚ್ಚಿ ಹೆಣೆಯಲು ವೇಳೆ ಸಿಗಲಿಲ್ಲ. ‘ಪರವಾಗಿಲ್ಲ ಬಿಡಕ್ಕ, ಗಾಳಿಯಾಡುತ್ತೆ’ ಎಂದು ತಮ್ಮ ನಕ್ಕು ಹಾಗೇ ತೊಟ್ಟುಕೊಂಡಿದ್ದ.

ಕಂಬಿಯಾಚೆ ಅವನು ನಡುಗುತ್ತ ನಿಂತಿದ್ದಾಗ ಅವಳು ಕೇಳಿದ್ದಳು. “ಸ್ವೆಟರ್ ಎಲ್ಲೋ?”

“ಎಲ್ಲೋ ಬಿಟ್ಟೆ.”

“ಇನ್ನೊಂದು ಆಂಪು ಎಲ್ಲಿದೆ ಅಂತ ಗೊತ್ತಾ?”

ಅವನು ತಲೆ ತಗ್ಗಿಸಿದ್ದ. “ಹುಡುಕಬೇಡಕ್ಕ. ಸುಮ್ನಿದ್ದುಬಿಡು.”

ಸೋತವನ ಮಾತೆಂದುಕೊಂಡಿದ್ದಳು. ಅಲ್ಲ, ಸಿಡಿಲಿನ ಹೆಂಡತಿಯನ್ನು ಕಾಯುತ್ತಿದ್ದವನ ಮಾತು ಅದು. ಈಗ ಅದೇ ಮಾತು ಹಲಗೆಯಂತೆ ಬಂದು ಅವಳ ಎದೆಗೆ ಒತ್ತಿ ನಿಂತಿತು. ಹೊರಗೆ ಬಂದರೆ ತಮ್ಮನ ಸ್ವೆಟರೂ ಹೊರಗೆ ಬರುತ್ತದೆ. ಅಜಾಗರೂಕತೆ ಅಲ್ಲ, ಬೇಕೆಂದೇ ಬಚ್ಚಿಟ್ಟ ಎಂದಾಗುತ್ತದೆ. ಅವನ ಕುತ್ತಿಗೆಗೆ ಹಗ್ಗ ತಂದುಕೊಟ್ಟವಳು ಸ್ವಂತ ಅಕ್ಕ.

ಬಾಗಿಲು ಧಡ್ ಎಂದಿತು. ಹಮಾಲಿಗಳು ಬಂದರು. ಪೆಟ್ಟಿಗೆಗಳು ಒಂದೊಂದಾಗಿ ಹೊರಟವು. ಅವಳ ಸರದಿಯೂ ಬಂತು.

“ಒಬ್ಬನಿಗೇ ಸಾಕು, ಬಿಡು,” ಎಂದ ಕಂಬ. ತಬ್ಬಿ ಎತ್ತಿದ. ಪೆಟ್ಟಿಗೆ ಮಿಸುಕಲಿಲ್ಲ. “ಅಮ್ಮಮ್ಮಾ! ಇದ್ಯಾಕಪ್ಪಾ, ಗರ್ಭಿಣಿ ಆಗಿದೆ?”

“ಒಳಗೆ ವೈರು ತುಂಬಿದೆ,” ಎಂದ ಮ್ಯಾನೇಜರ್. “ಇಬ್ಬರೂ ಹಿಡೀರಿ. ಮುಚ್ಚಳ ಹಾಕಿ.”

ಪ್ರಯಾಣಕ್ಕೆ ಹಾಕುವ ಮರದ ಮುಚ್ಚಳ ಮೇಲಿನಿಂದ ಇಳಿಯಿತು. ಕುರ್ಚಿಗಳು ಮಾಯವಾದವು, ಟೇಪು ಮಾಯವಾಯಿತು, ಬಕೆಟ್ಟು ಮಾಯವಾಯಿತು. ಉಸಿರು ತನ್ನ ಮುಖಕ್ಕೇ ಬಿಸಿಯಾಗಿ ಮರಳಿತು. ಪೆಟ್ಟಿಗೆ ವಾಲಿದಾಗ ಮೊಣಕೈ ಹಲಗೆಗೆ ಬಡಿಯಿತು.

“ತಡಿ, ತಡಿ,” ಎಂದ ಗುಂಡು. “ಒಳಗೇನೋ ಸದ್ದಾಯ್ತಲ್ಲೋ.”

“ವೈರು ಅಂದ್ರಲ್ಲ ಸಾಹೇಬ್ರು.”

“ವೈರು ಉಸಿರಾಡುತ್ತಾ?” ಹಲಗೆಯ ಆಚೆ, ಕಿವಿಯ ಪಕ್ಕದಲ್ಲೇ, ಆ ದಪ್ಪ ದನಿ ಮೆತ್ತಗಾಯಿತು. “ಯಾರಾದ್ರೂ ಇದ್ದೀರಾ ಒಳಗೆ? ಹೆದರ್ಬೇಡಿ. ಒಂದು ಸಲ ತಟ್ಟಿ ಸಾಕು.”

ಅಕ್ಕನ ಮುಷ್ಟಿ ಮೇಲೆದ್ದಿತು. ಹಲಗೆಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟೇ ಜಾಗ. ಪಕ್ಕದ ಮನೆಯ ಮೆಟ್ಟಿಲ ಮೇಲೆ ಮಗಳು ಕೂತಿರಬೇಕು, ಬೀದಿಯ ಕಡೆ ನೋಡುತ್ತ.

ಅಳು ಉಕ್ಕಿತು. ಅದು ಹೊರಗೆ ಬೀಳುವ ಮೊದಲು ಅವಳು ಸ್ವೆಟರಿನ ಎಡತೋಳನ್ನು ಎಳೆದು ತನ್ನ ಬಾಯಿಗೇ ತುರುಕಿಕೊಂಡು ಕಚ್ಚಿ ಹಿಡಿದಳು.

“ಏನಿಲ್ಲ ಬಿಡೋ,” ಎಂದ ಕಂಬ. “ನಿನಗೆ ಟೀ ಏರಿದೆ.”

ಪೆಟ್ಟಿಗೆ ತೂಗಿತು, ಇಳಿಜಾರು ಏರಿತು, ಲಾರಿಯ ತಗಡಿನ ಮೇಲೆ ಕುಕ್ಕರಿಸಿತು. ಅದರ ಮುಂದೆ ಇನ್ನೊಂದು ಪೆಟ್ಟಿಗೆ ಬಂತು. ಅದರ ಮುಂದೆ ಮತ್ತೊಂದು. ಪ್ರತಿಯೊಂದು ಬಂದಾಗಲೂ ಹೊರಗಿನ ಲೋಕ ಇನ್ನಷ್ಟು ದೂರವಾಯಿತು.

ಎಂಜಿನ್ನು ಗುರುಗುಟ್ಟಿತು. ಲಾರಿಯ ಬಾಗಿಲು ಎಳೆಯುವ ಮುಂಚೆ ಮ್ಯಾನೇಜರಿನ ದನಿ, ಅದೇ ಬೆಣ್ಣೆಯಂಥ ದನಿ, ಚಾಲಕನಿಗೆ ಹೇಳುತ್ತಿದ್ದುದು ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಒಳಗೆ ಬಂತು.

“ಗೋಡೌನಿಗೆ ಹೋಗೋದು ಬೇಡ ಕಣಪ್ಪಾ, ತಡವಾಗಿದೆ. ನೇರ ಹಡಗಿಗೇ ಹಾಕಿಸಿಬಿಡು. ಆ ಭಾರದ ಪೆಟ್ಟಿಗೆ ಇದೆಯಲ್ಲ, ಅದು ಎಲ್ಲದಕ್ಕಿಂತ ಅಡಿಯಲ್ಲಿರಲಿ.”